ಮಲಗಿದವರ ತಿರುವಿನ ಕಾಳಾಚಾರಿ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿ ಜಗಳಕ್ಕೆ ನಿಲ್ಲುತ್ತಾರೆ. ಬೋಳುಗುಡ್ಡದ ಬುಡದಲ್ಲಿ ಹಾರೆಕಟ್ಟೆ ಅಂತ ಒಂದು ಊರು. ಗುಡ್ಡದ ನೆತ್ತಿಯಲ್ಲಿ ಮೇಲ್ಹಟ್ಟಿ ಅಂತ ಇನ್ನೊಂದು ಊರು. ಎರಡರ ನಡುವೆ ಹನ್ನೊಂದು ತಿರುವಿನ ಘಾಟಿ. ಕೆಳಗೆ ಗ್ಯಾರೇಜುಗಳು, ಮೇಲೆ ಕಲ್ಲಿನ ಕ್ವಾರಿಗಳು. ಮೇಲಿನಿಂದ ಕಲ್ಲು ಇಳಿಯುತ್ತಿತ್ತು, ಕೆಳಗಿನಿಂದ ಹೆಣ್ಣುಮಕ್ಕಳು ಹತ್ತುತ್ತಿದ್ದರು. ಹಾರೆಕಟ್ಟೆಯವರು ಹೆಣ್ಣು ಕೊಡುತ್ತಿದ್ದದ್ದು ಮೇಲ್ಹಟ್ಟಿಗೇ.

ಆ ಹಾರೆಕಟ್ಟೆಯಲ್ಲಿ ಕಾಳಾಚಾರಿ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ. ಹುಟ್ಟಿದ್ದು ಕಮ್ಮಾರರ ಮನೆಯಲ್ಲಿ, ಕಲಿತದ್ದು ಇಂಜಿನ್ನು. ಕಬ್ಬಿಣದ ಸರಳಿನ ಒಂದು ತುದಿಯನ್ನು ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಅಂತ ಹೇಳಿಬಿಡುತ್ತಿದ್ದನಂತೆ. ಒಮ್ಮೆ ಅದೇ ಸರಳನ್ನು ಒಬ್ಬ ಡ್ರೈವರನ ಎದೆಗೆ ಆನಿಸಿ, ಲಾರಿ ಸರಿಯಾಗಿದೆ, ನೀನು ಆಸ್ಪತ್ರೆಗೆ ಹೋಗು ಅಂದನಂತೆ. ಹಾಗಂತ ಹೇಳುತ್ತಾರೆ, ಕಂಡವರು ಯಾರೂ ಉಳಿದಿಲ್ಲ.

ಆ ಘಾಟಿಯಲ್ಲಿ ಒಂದು ಕಟ್ಟಳೆ ಇತ್ತು. ಇಳಿಯುವಾಗ ಕೊನೆಯ ಮೂರು ತಿರುವು ಬರುವ ಮೊದಲು ರಸ್ತೆಯ ಪಕ್ಕ ಒಂದು ಕಲ್ಲು. ಅದಕ್ಕೆ ಮಲಗಿದವರ ಕಲ್ಲು ಅಂತ ಹೆಸರು. ರಸ್ತೆ ಕಡಿಯುವ ಕಾಲದಲ್ಲಿ, ಮಧ್ಯಾಹ್ನ ಉಂಡು ನೆರಳಿಗೆ ಮಲಗಿದ್ದ ಕೂಲಿಗಳ ಮೇಲೆ ಮದ್ದಿಟ್ಟ ಬಂಡೆ ಕುಸಿದು ಬಿತ್ತಂತೆ. ಏಳು ಜನ ಅನ್ನುವವರಿದ್ದಾರೆ, ಇಪ್ಪತ್ತೊಂದು ಅನ್ನುವವರಿದ್ದಾರೆ. ತೆಗೆಯಲು ಆಗಲಿಲ್ಲ. ಅವರ ಮೇಲೇ ಡಾಂಬರು ಎಳೆದರು. ಅವರು ಸತ್ತದ್ದು ಅವರಿಗೆ ಗೊತ್ತಿಲ್ಲ, ಇನ್ನೂ ನಿದ್ದೆಯಲ್ಲೇ ಇದ್ದಾರೆ, ಎಬ್ಬಿಸಿದರೆ ಗುಡ್ಡ ಮತ್ತೆ ಕೆಳಗೆ ಬರುತ್ತದೆ ಅಂತ ಊರಿನ ನಂಬಿಕೆ. ಹಾಗಾಗಿ ಇಳಿಯುವ ಗಾಡಿಗಳೆಲ್ಲ ಆ ಕಲ್ಲಿನ ಹತ್ತಿರ ಇಂಜಿನ್ ಆಫ್ ಮಾಡಬೇಕು. ಮೂರು ತಿರುವು ಸದ್ದಿಲ್ಲದೆ ಉರುಳಬೇಕು. ಹಾರ್ನ್ ಕೂಡದು. ಹತ್ತುವಾಗ ಆಫ್ ಮಾಡಿದರೆ ಗಾಡಿ ಹತ್ತುವುದಿಲ್ಲವಲ್ಲ, ಅದಕ್ಕೆ ಹತ್ತುವ ಗಾಡಿಗಳನ್ನು ಸತ್ತವರು ಕ್ಷಮಿಸುತ್ತಾರೆ ಅಂತಲೂ ಊರವರೇ ತೀರ್ಮಾನ ಮಾಡಿಕೊಂಡಿದ್ದರು.

ಕೂಲಿಗಳ ಹಾರೆ ಗುದ್ದಲಿ ಹದ ಹಾಕುತ್ತಿದ್ದವನು ಕಾಳಾಚಾರಿಯ ತಾತ. ಅವತ್ತು ಕುಲುಮೆ ಬಿಟ್ಟು ಏಳಲಿಲ್ಲ, ಅದಕ್ಕೆ ಬದುಕಿದ. ಆ ಕಲ್ಲು ನಿಲ್ಲಿಸಿದವನು ಅವನೇ, ಕಟ್ಟಳೆ ಕಟ್ಟಿದವನೂ ಅವನೇ. ಅಂದಮೇಲೆ ಅದನ್ನು ಕಾಯುವ ಭಾರ ಕಾಳಾಚಾರಿಯ ಹೆಗಲಿಗೆ ಬಂತು. ಅವನು ಹೊತ್ತ. ಪರವೂರಿನ ಡ್ರೈವರ್ ಒಬ್ಬ ಗುರುಗುಟ್ಟಿಸಿಕೊಂಡು ಇಳಿದನೆಂದು ಗಾಡಿ ನಿಲ್ಲಿಸಿ ಕೆನ್ನೆಗೆ ಬಾರಿಸಿದನಂತೆ. ಅವನ ಇಬ್ಬರು ಹೆಣ್ಣುಮಕ್ಕಳು, ಮಾನಮ್ಮ ಮತ್ತು ಶಾಂಭವಿ, ಚಿಕ್ಕವರಿದ್ದಾಗ ಬಸ್ಸಿನಲ್ಲಿ ಆ ಜಾಗ ಬಂದರೆ ತಾವಾಗಿಯೇ ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರಂತೆ.

ಮಾನಮ್ಮನನ್ನು ಮೇಲ್ಹಟ್ಟಿಗೆ ಕೊಟ್ಟರು. ಅವಳಿಗೆ ಹೆರಿಗೆ ನೋವು ಬಂದು ಕೂಸು ಅಡ್ಡವಾಯಿತು. ಹಾರೆಕಟ್ಟೆಯ ಔಷಧಾಲಯದಲ್ಲಿ ಒಬ್ಬಳು ನರ್ಸು, ಫಿಲೋಮಿನಾ ಬಾಯಿ ಅಂತ. ಊರವರ ಬಾಯಲ್ಲಿ ಅವಳು ಪಿಲ್ಲಮ್ಮ. ಆಕೆ ಜೀಪು ಹತ್ತಿ ಹೊರಟಳು. ಆರನೇ ತಿರುವಿನಲ್ಲಿ ಜೀಪಿನ ರೇಡಿಯೇಟರ್ ಕುದಿಯಿತು. ನೀರು ಹಾಕಿ, ಆರಿಸಿ, ತಳ್ಳಿ, ನಡೆದು, ಕೊನೆಗೆ ಪಿಲ್ಲಮ್ಮ ಮೇಲೆ ಮುಟ್ಟಿದಾಗ ತಾಯಿಯೂ ಇಲ್ಲ, ಕೂಸೂ ಇಲ್ಲ. ಜೀಪನ್ನು ಹಿಂದಿನ ವಾರವಷ್ಟೇ ಸರಿಮಾಡಿ ಕಳಿಸಿದ್ದವನು ಕಾಳಾಚಾರಿಯೇ. ಇಷ್ಟು ಹಳೆಯದು ಇಷ್ಟೇ ಹತ್ತೋದು ಅಂತ ಅವನೇ ಹೇಳಿದ್ದ. ಈಗ ಅದನ್ನು ಯಾರಿಗೆ ಹೇಳುವುದು?

ವರ್ಷ ತುಂಬುವ ಮೊದಲೇ, ಒಡೆದ ಪಾತ್ರೆಗೆ ಬದಲು ಪಾತ್ರೆ ಕೊಡುವ ಹಾಗೆ, ಶಾಂಭವಿಯನ್ನು ಅದೇ ಮನೆಗೆ ಅದೇ ಅಳಿಯನಿಗೆ ಕೊಟ್ಟರು. ಆಗಿನ ರೂಢಿ ಹಾಗಿತ್ತು. ಹುಡುಗಿಯನ್ನು ಕೇಳಿದರೋ ಇಲ್ಲವೋ ಅನ್ನುವುದು ಕತೆ ಹೇಳುವವರಲ್ಲಿ ಯಾರಿಗೂ ನೆನಪಿಲ್ಲ. ಅವಳು ಬಸುರಿಯಾದ ಸುದ್ದಿ ಬಂದ ದಿನ ಕಾಳಾಚಾರಿ ಊಟ ಬಿಟ್ಟು ಎದ್ದು ಔಷಧಾಲಯದ ಹಿತ್ತಲಿಗೆ ಹೋದನಂತೆ.

ಅಲ್ಲಿ ಒಂದು ಕಾರು ಇತ್ತು. ಕ್ವಾರಿಯ ದೊರೆಯೊಬ್ಬ ಊರು ಬಿಡುವಾಗ ಪಿಲ್ಲಮ್ಮನಿಗೆ ಕೊಟ್ಟು ಹೋದದ್ದು. ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಉದ್ದನೆಯ ಮೂತಿ, ಕಡ್ಡಿಗಳ ಚಕ್ರ, ಎರಡೇ ಸೀಟು, ತಲೆ ಮೇಲೆ ಚಾವಣಿ ಇಲ್ಲ. ಕೂತರೆ ನೆಲದ ಮೇಲೆ ಕೂತ ಹಾಗೆ. ಅದರ ಇಂಜಿನ್ ಕಚ್ಚಿಕೊಂಡು ಎಷ್ಟೋ ವರ್ಷವಾಗಿತ್ತು, ಅದರ ಸಾಮಾನು ಲೋಕದಲ್ಲೇ ಎಲ್ಲೂ ಸಿಗುತ್ತಿರಲಿಲ್ಲ. ಪಿಲ್ಲಮ್ಮ ಅದರಲ್ಲಿ ಕೋಳಿ ಕೂಡುತ್ತಿದ್ದಳು.

“ಇದನ್ನ ನಂಗೆ ಕೊಡ್ರಿ ಬಾಯಾರೇ. ಹತ್ತು ನಿಮಿಷದಾಗೆ ಗುಡ್ಡ ಹತ್ತೋ ಹಂಗೆ ಮಾಡ್ಕೊಡ್ತೀನಿ” ಅಂದನಂತೆ ಕಾಳಾಚಾರಿ.

“ತಗೊಳ್ಳಿ ಆಚಾರ್ರೇ. ಹಿಂದಿನ ಸೀಟಲ್ಲಿ ಒಂದು ಕಾವಿಗೆ ಕೂತಿದೆ, ಅದನ್ನ ಮಾತ್ರ ಎಬ್ಬಿಸಬೇಡಿ” ಅಂದಳಂತೆ ಪಿಲ್ಲಮ್ಮ. ಹಿಂದಿನ ಸೀಟೇ ಇಲ್ಲದ ಕಾರದು. ಆಕೆಯ ಮಾತೆಲ್ಲ ಹೀಗೇ ಇರುತ್ತಿತ್ತಂತೆ.

ಹೊಸ ಇಂಜಿನ್ ಸಿಕ್ಕಿದ್ದು ಹೆದ್ದಾರಿಯಲ್ಲಿ ಹಿಂಬದಿ ಜಜ್ಜಿಹೋಗಿದ್ದ ಒಂದು ಹೊಸ ಕಾರಿನಿಂದ. ಅಂಥ ಇಂಜಿನ್ನನ್ನು ಹಾರೆಕಟ್ಟೆ ಕಂಡಿರಲಿಲ್ಲ. ಹಳೆಯ ಇಂಜಿನ್ನಿನ ಅರ್ಧ ತೂಕ, ಎರಡರಷ್ಟು ಕಸುವು. ಅದಕ್ಕೆ ಟರ್ಬೊ ಇತ್ತು. ಊರವರು ಅದೇನು ಅಂತ ಕೇಳಿದರೆ ಕಾಳಾಚಾರಿ ಕುಲುಮೆಯ ಮಾತಿನಲ್ಲೇ ಹೇಳಿದನಂತೆ: ಕುಲುಮೆಗೆ ತಿದಿ ಒತ್ತಲು ಒಬ್ಬ ಬೇಕಲ್ಲ, ಇದಕ್ಕೆ ಬೇಡ. ಇದು ತಾನು ಬಿಟ್ಟ ಹೊಗೆಯಿಂದ ತಾನೇ ಚಕ್ರ ತಿರುಗಿಸಿ, ಆ ಚಕ್ರದಿಂದ ತಾನೇ ಗಾಳಿ ಊದಿಕೊಳ್ಳುತ್ತದೆ. ಉರಿದಷ್ಟೂ ಊದುತ್ತದೆ, ಊದಿದಷ್ಟೂ ಉರಿಯುತ್ತದೆ.

“ಹಂಗಾರೆ ನಿಲ್ಲಾದು ಯಾವಾಗ?” ಅಂತ ಚಹಾದಂಗಡಿಯ ಹಾಲಮ್ಮ ಕೇಳಿದಳಂತೆ. ನಗೆಯಾಯಿತು.

ನಾಲ್ಕು ತಿಂಗಳು ಕೆಲಸ ನಡೆಯಿತು. ಹೊಸ ಇಂಜಿನ್ ಅಡ್ಡಡ್ಡ ಕೂರುವಂಥದ್ದು, ಹಳೆಯ ಗಾಡಿಗೆ ಉದ್ದುದ್ದ ಕೂರಬೇಕು. ಅದಕ್ಕೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಕೂಡಿಸಲು ಕಬ್ಬಿಣದ ಒಂದು ತಟ್ಟೆ ಕಡೆದ. ಏಳು ಸಲ ಕಡೆದ, ಆರು ಎಸೆದ. ಗಾಡಿಯ ತಳದ ಚಾಸಿಗೆ ಲಾರಿಯ ಪಟ್ಟಿ ಬೆಸೆದು ಬಿಗಿ ಮಾಡಿದ. ವೈರುಗಳನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಶಾವಿಗೆ ಒಣಹಾಕಿದ ಹಾಗೆ ಹರಡಿಕೊಂಡು, ಒಂದೊಂದಕ್ಕೂ ಬಣ್ಣದ ದಾರ ಕಟ್ಟಿದ. ಇಷ್ಟು ಕಸುವನ್ನು ಹಳೆಯ ಬ್ರೇಕು ತಡೆಯುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೆ ಹೊಸ ಕಾರಿನ ಡಿಸ್ಕ್ ಬ್ರೇಕುಗಳನ್ನೂ ಅದರ ಬೂಸ್ಟರ್ ಡಬ್ಬಿಯನ್ನೂ ತಂದು ಕೂಡಿಸಿದ. ಬೂಸ್ಟರ್ ಅಂದರೆ, ಇಂಜಿನ್ ಉಸಿರು ಎಳೆದುಕೊಳ್ಳುತ್ತದಲ್ಲ, ಆ ಎಳೆತವನ್ನೇ ಹಿಡಿದಿಟ್ಟುಕೊಂಡು ಕಾಲಿಗೆ ಬಲ ಕೊಡುವ ಡಬ್ಬಿ. ಹೆಂಗಸರ ಮೆತ್ತನೆ ಕಾಲಿಗೂ ಗಾಡಿ ನಿಲ್ಲಬೇಕು ಅಂತ ಅವನ ಆಸೆ.

ಮೊದಲ ಸಲ ಅವನೇ ಓಡಿಸಿದ. ಹತ್ತು ನಿಮಿಷ ಅಂದಿದ್ದ, ಒಂಬತ್ತರಲ್ಲಿ ಮೇಲ್ಹಟ್ಟಿಯಲ್ಲಿದ್ದನಂತೆ. ಗುಡ್ಡವೇ ಬಗ್ಗಿ ದಾರಿ ಕೊಟ್ಟಿತು ಅನ್ನುತ್ತಾರೆ. ಇಳಿಯುವಾಗ ಮಲಗಿದವರ ಕಲ್ಲು ಬಂತು. ಕೈ ತಾನಾಗಿ ಹೋಗಿ ಕೀಲಿ ತಿರುಗಿಸಿತು. ಇಂಜಿನ್ ನಿಂತಿತು. ಒಂದು ತಿರುವು, ಒಂದು ಸಲ ಬ್ರೇಕ್ ಒತ್ತಿದ, ಹಿಡಿಯಿತು. ಎರಡನೆಯದು, ಹಿಡಿಯಿತು. ಮೂರನೆಯದು, ಸ್ವಲ್ಪ ಬಿಗಿಯಾಗಿ ಹಿಡಿಯಿತು. ಕೆಳಗೆ ಊರ ಬಾಗಿಲಲ್ಲಿ ನಾಲ್ಕನೆಯ ಸಲ ಒತ್ತಿದರೆ ಪೆಡಲು ಕಲ್ಲಾಗಿತ್ತು. ಕಾಲಿಟ್ಟು ಎದ್ದು ನಿಂತರೂ ಇಳಿಯಲಿಲ್ಲ. ಗಾಡಿ ಹೋಗಿ ಮರಳಿನ ಗುಡ್ಡೆಗೆ ಹೊಕ್ಕಿತು.

ಜನ ನಕ್ಕರು. ಅವನು ನಗಲಿಲ್ಲ. ಅವನಿಗೆ ಅಲ್ಲೇ ತಿಳಿಯಿತು: ಇಂಜಿನ್ ಸತ್ತರೆ ಡಬ್ಬಿಯಲ್ಲಿ ಉಳಿಯುವುದು ಮೂರು ಒತ್ತಿನ ಬಲ. ಹಳೆಯ ಲಾರಿ ಜೀಪುಗಳಿಗೆ ಆ ಡಬ್ಬಿಯೇ ಇರಲಿಲ್ಲ, ಅದಕ್ಕೆ ಅವುಗಳಿಗೆ ಕಟ್ಟಳೆ ಒಗ್ಗಿತ್ತು. ಈ ಗಾಡಿಗೆ ಒಗ್ಗುವುದಿಲ್ಲ.

ಈಗ ಹೇಳಬೇಕಾದದ್ದು ಒಂದೇ ಮಾತು. ಬಾಯಾರೇ, ನೀವು ಇಂಜಿನ್ ಆಫ್ ಮಾಡಬೇಡಿ. ಅಷ್ಟೇ. ಆದರೆ ಆ ಮಾತು ಹೇಳಬೇಕಾದ ಬಾಯಿ ಕಾಳಾಚಾರಿಯದು, ಕೆನ್ನೆಗೆ ಬಾರಿಸಿದ ಕೈಯೂ ಅವನದು. ಅವನು ಮೂರು ದಿನ ಯೋಚಿಸಿದನಂತೆ. ಕೊನೆಗೆ ಮೇಸ್ತ್ರಿಗಳು ಮಾಡುವ ಹಾಗೆ ಒಂದು ಉಪಾಯ ಹೂಡಿದ: ಮೂರು ತಿರುವು, ಮೂರು ಒತ್ತು. ತಿರುವಿಗೆ ಒಂದು, ಹೆಚ್ಚಿಲ್ಲ. ಆಮೇಲೆ ಇಂಜಿನ್ ಹಚ್ಚಿಕೊಳ್ಳುವುದು. ಡಬ್ಬಿಯ ಪಕ್ಕ ಇನ್ನೊಂದು ದೊಡ್ಡ ಡಬ್ಬಿ ಕೂಡಿಸಿದರೆ ಹತ್ತು ಒತ್ತು ಸಿಗುತ್ತದೆ, ಹೆರಿಗೆಗೆ ಇನ್ನೂ ತಿಂಗಳಿದೆ, ಅಷ್ಟರಲ್ಲಿ ಕೂಡಿಸುತ್ತೇನೆ ಅಂತ ತನಗೆ ತಾನೇ ಹೇಳಿಕೊಂಡ.

ಪಿಲ್ಲಮ್ಮ ಕೇಳಿ ಬಿದ್ದು ಬಿದ್ದು ನಕ್ಕಳಂತೆ. “ಅಲ್ಲ ಆಚಾರ್ರೇ, ನಾನು ಇಗರ್ಜಿಗೆ ಹೋಗೋ ಕ್ರಿಶ್ಚಿಯನ್. ನಿಮ್ಮ ಸತ್ತವರಿಗೆ ನನ್ನ ಮೇಲೆ ಏನು ಹಕ್ಕಿದೆ? ಇಂಜಿನ್ ಹಚ್ಚಿಕೊಂಡೇ ಇಳೀತೀನಿ, ಅವರು ಕೇಳಿದರೆ ನನ್ನ ಹೆಸರು ಹೇಳಿ.”

“ಅದೊಂದು ಬ್ಯಾಡ್ರಿ. ನಂಗೋಸ್ಕರ ಬ್ಯಾಡ್ರಿ” ಅಂದನಂತೆ ಅವನು.

ಅವನ ಮುಖ ನೋಡಿ ಆಕೆ ನಗುವುದು ನಿಲ್ಲಿಸಿದಳು. ಆಗಲಿ ಅಂತ ಮಾತು ಕೊಟ್ಟಳು. ಹತ್ತು ಸಲ ಹತ್ತಿ ಇಳಿದು ಕಾಲಿಗೆ ಮೂರರ ಲೆಕ್ಕ ಕಲಿಸಿಕೊಂಡಳು.

ಹೆರಿಗೆ ತಿಂಗಳು ಕಾಯಲಿಲ್ಲ. ಎರಡು ವಾರಕ್ಕೇ, ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನಿಂದ ಸುದ್ದಿ ಬಂತು: ಶಾಂಭವಿಗೆ ನೋವು ಬಂದಿದೆ, ರಕ್ತ ಹೋಗುತ್ತಿದೆ. ಹೊಸ ಡಬ್ಬಿ ಇನ್ನೂ ಕಾಳಾಚಾರಿಯ ಬೆಂಚಿನ ಮೇಲಿತ್ತು. ಎರಡೇ ಸೀಟು. ಬರುವಾಗ ಬಸುರಿಯನ್ನು ಕೂರಿಸಿಕೊಳ್ಳಬೇಕು, ಹಾಗಾಗಿ ಅವನು ಜೊತೆಗೆ ಹೋಗುವಂತಿರಲಿಲ್ಲ. ಪಿಲ್ಲಮ್ಮ ಒಬ್ಬಳೇ ಹೋದಳು. ಒಂಬತ್ತು ನಿಮಿಷಕ್ಕೆ ಮೇಲೆ ಮುಟ್ಟಿದಳು. ನೋಡಿದಳು, ಇದು ತನ್ನ ಕೈಯಲ್ಲಿ ಆಗುವುದಲ್ಲ ಅಂದಳು, ಶಾಂಭವಿಯನ್ನು ಎತ್ತಿ ಕೂರಿಸಿ ಸೀರೆಯಿಂದ ಸೀಟಿಗೆ ಕಟ್ಟಿದಳು, ಪೇಟೆಯ ಆಸ್ಪತ್ರೆಗೆ ಅಂತ ಹೊರಟಳು.

ಕೆಳಗೆ ಹಾರೆಕಟ್ಟೆಯಲ್ಲಿ ಊರಿಗೆ ಊರೇ ರಸ್ತೆಗೆ ಬಂದು ನಿಂತಿತ್ತು. ಬೋಳುಗುಡ್ಡದಲ್ಲಿ ಸದ್ದು ತಪ್ಪಿಸಿಕೊಳ್ಳಲು ಮರಗಿಡವಿಲ್ಲ, ಎಲ್ಲ ಕೇಳುತ್ತದೆ. ಇಂಜಿನ್ ಇಳಿದು ಬರುತ್ತಿರುವುದು ಕೇಳಿತು. ಒಂದು ತಿರುವು, ಎರಡು, ಮೂರು, ಎಂಟರವರೆಗೆ. ಆಮೇಲೆ ಕಲ್ಲಿನ ಹತ್ತಿರ ಸದ್ದು ನಿಂತಿತು. ಪಿಲ್ಲಮ್ಮ ಕಟ್ಟಳೆ ಮೀರಲಿಲ್ಲ ಅಂತ ಮುದುಕರು ತಲೆಯಾಡಿಸಿದರಂತೆ. ಕಾಳಾಚಾರಿ ಬೆರಳು ಮಡಚುತ್ತಿದ್ದ.

ಅವಳ ಮುಂದೆ ಒಂದು ಕಲ್ಲಿನ ಲಾರಿ ಇಳಿಯುತ್ತಿತ್ತು. ಅದೂ ಕಟ್ಟಳೆ ಪಾಲಿಸಿ ಇಂಜಿನ್ ಆಫ್ ಮಾಡಿ ಸದ್ದಿಲ್ಲದೆ ಉರುಳುತ್ತಿತ್ತು. ತಿರುವಿನಾಚೆ ಅದಿರುವುದು ಇವಳಿಗೆ ಕೇಳುವ ಹಾಗಿಲ್ಲ, ಹಿಂದೆ ಇವಳಿರುವುದು ಅದಕ್ಕೆ ಕೇಳುವ ಹಾಗಿಲ್ಲ. ಮೊದಲ ತಿರುವು ದಾಟುತ್ತಲೇ ಲಾರಿಯ ಬೆನ್ನು ಎದುರಿಗೆ ಬಂತು. ಒತ್ತಿದಳು. ಮತ್ತೆ ಒತ್ತಿದಳು. ಮೂರೂ ಅಲ್ಲೇ ಮುಗಿದವು. ಎರಡನೆಯ ತಿರುವಿನಲ್ಲಿ ಕಾಲ ಕೆಳಗೆ ಕಲ್ಲು. ಹ್ಯಾಂಡ್‌ಬ್ರೇಕ್ ಎಳೆದಳು, ಹಳೆಯ ಕೇಬಲ್ಲು, ಕೈಗೇ ಬಂತು. ಲಾರಿಗೆ ಗುದ್ದಬೇಕು, ಇಲ್ಲ ಕಣಿವೆಗೆ ಬೀಳಬೇಕು, ಇಲ್ಲ ಬಲಕ್ಕೆ ಬಂಡೆಗೆ ಹೊಡೆಯಬೇಕು. ಅವಳು ಕೂತಿದ್ದದ್ದು ಬಲಕ್ಕೆ. ಬಲಕ್ಕೇ ತಿರುಗಿಸಿದಳು.

ಬಂಡೆಗೆ ಹೊಡೆದ ಸದ್ದು ಹಾರೆಕಟ್ಟೆಗೆ ಕೇಳಿತು. ಆ ಮೂರು ತಿರುವಿನಲ್ಲಿ ಅಷ್ಟು ವರ್ಷದಲ್ಲಿ ಕೇಳಿದ ಮೊದಲ ದೊಡ್ಡ ಸದ್ದು ಅದು.

ಪಿಲ್ಲಮ್ಮ ಅಲ್ಲೇ ಹೋದಳು. ಶಾಂಭವಿ ಉಳಿದಳು, ಕೂಸು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಮಗಳಿಗೆ ಎಚ್ಚರ ಬಂದಾಗ ಕಾಳಾಚಾರಿ ಪಕ್ಕದಲ್ಲಿ ಕೂತಿದ್ದನಂತೆ. ಅವಳು ಹೇಳಿದ್ದು ಇಷ್ಟು. ಆ ಕಾರಿನಲ್ಲಿ ಕೀಲಿ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇತ್ತು. ಬ್ರೇಕು ಕಲ್ಲಾದ ಕೂಡಲೇ ಪಿಲ್ಲಮ್ಮ ಇಂಜಿನ್ ಹಚ್ಚಲು ಕೈ ಹಾಕಿದಳು. ಆ ಕೈಯನ್ನು ಗಟ್ಟಿಯಾಗಿ ಹಿಡಿದು ತಡೆದವಳು ತಾನೇ.

“ಬ್ಯಾಡ್ರಿ ಬಾಯಾರೇ, ಇನ್ನೊಂದೇ ತಿರುವು ಅಂದೆ ಅಪ್ಪಾ. ಅಪ್ಪ ಬೈತಾನೆ ಅಂದೆ.”

ಕಾಳಾಚಾರಿ ಎದ್ದು ಬಂದ. ಪಿಲ್ಲಮ್ಮನನ್ನು ಮಣ್ಣು ಮಾಡಿದ ಮರುದಿನ, ಮಟಮಟ ಮಧ್ಯಾಹ್ನ, ಒಂದು ಲಾರಿ ಕೇಳಿ ಪಡೆದು ಮೇಲಕ್ಕೆ ಹೋದ. ಇಳಿಯುವಾಗ ಮಲಗಿದವರ ಕಲ್ಲು ಬಂತು. ಅವನು ಇಂಜಿನ್ ಆಫ್ ಮಾಡಲಿಲ್ಲ. ಎಕ್ಸಲರೇಟರ್ ಒತ್ತಿ ಹಿಡಿದ, ಒಂದು ಕೈಯಲ್ಲಿ ಹಾರ್ನ್ ಒತ್ತಿ ಹಿಡಿದ, ಮೂರು ತಿರುವೂ ಬೊಬ್ಬೆ ಹೊಡೆಸಿಕೊಂಡು ಇಳಿದ. ಕೆಳಗೆ ಜನ ಮಕ್ಕಳನ್ನು ಅಪ್ಪಿಕೊಂಡು ಗುಡ್ಡದ ಕಡೆ ನೋಡುತ್ತ ನಿಂತರಂತೆ.

ಏನೂ ಆಗಲಿಲ್ಲ. ಒಂದು ಬೆಣಚುಕಲ್ಲು ಕೂಡ ಉರುಳಲಿಲ್ಲ.

ಅವನು ಲಾರಿ ನಿಲ್ಲಿಸಿ, ಇಳಿದು, ಚಕ್ರಕ್ಕೆ ಒರಗಿ ಅತ್ತದ್ದು ಆಗಲೇ ಅಂತೆ. ಹಿರಿಮಗಳು ಸತ್ತಾಗ ಅಳದವನು, ಪಿಲ್ಲಮ್ಮನ ಪೆಟ್ಟಿಗೆ ಹೊತ್ತಾಗ ಅಳದವನು. ಗುಡ್ಡ ಕುಸಿದು ತನ್ನ ಮೇಲೆ ಬಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು ಅಂತ ನನ್ನ ಅನಿಸಿಕೆ. ಅದನ್ನು ಕತೆಯಲ್ಲಿ ಯಾರೂ ಹೇಳುವುದಿಲ್ಲ.

ಊರು ಅವನನ್ನು ದೂರ ಇಟ್ಟಿತು. ಬಾವಿಯ ಹತ್ತಿರ ಬೆನ್ನು ತಿರುಗಿಸಿದರು. “ತಾತ ಕಟ್ಟಿದ್ದನ್ನ ಮುರಿದ, ಮಗಳ ಬಸುರೂ ತಿಂದ” ಅಂತ ಅವನಿಗೆ ಕೇಳುವ ಹಾಗೇ ಅಂದರು. ಗಾಡಿ ಯಾರೂ ತರಲಿಲ್ಲ. ಅವನು ಬಂಡೆಯಿಂದ ಆ ಕೆಂಪು ಕಾರನ್ನು ಬಿಡಿಸಿ ಎಳೆತಂದ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಒಂದು ಕಬ್ಬಿಣದ ಮಂಚ ಮಾಡಿ, ರಸ್ತೆ ಪಕ್ಕ ನಿಲ್ಲಿಸಿ, ಅದರ ಮೇಲೆ ಆ ಇಂಜಿನ್ನು, ಆ ಡಬ್ಬಿ, ಆ ಪೆಡಲು, ಆ ಕೀಲಿ ಕೂರಿಸಿದ. ಬರುವ ಡ್ರೈವರುಗಳಿಗೆಲ್ಲ ಅಡ್ಡ ನಿಂತು ಕೈ ಮುಗಿದ. ಆಫ್ ಮಾಡಬೇಡ್ರಪ್ಪಾ, ಬಂದು ಒಂದು ಸಲ ಇದನ್ನ ಒತ್ತಿ ನೋಡ್ರಪ್ಪಾ. ಹಿಂದೆ ಅವನಿಂದ ಹೊಡೆಸಿಕೊಂಡಿದ್ದ ಡ್ರೈವರ್ ಒಬ್ಬ ಬಂದು, “ಈಗ ನನ್ನ ಸರದಿ ಏನಜ್ಜಾ?” ಅಂತ ಕೇಳಿದನಂತೆ. ಕಾಳಾಚಾರಿ ಕೆನ್ನೆ ಕೊಟ್ಟು ನಿಂತ. ಅವನು ಹೊಡೆಯಲಿಲ್ಲ. ಹೋಗಿ ಪೆಡಲು ಒತ್ತಿದ. ನಾಲ್ಕನೆಯ ಸಲ ಒತ್ತಿ, ಸುಮ್ಮನೆ ಇಳಿದು ಹೋದ.

ಶಾಂಭವಿ ಗಂಡನ ಮನೆಗೆ ಹಿಂತಿರುಗಲಿಲ್ಲ. ಅಪ್ಪನ ಮನೆಯಲ್ಲೇ ಇದ್ದಳು, ಅಪ್ಪನಿಗೆ ಅನ್ನ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಎಷ್ಟು ವರ್ಷ ಅಂತ ಯಾರಿಗೂ ಗೊತ್ತಿಲ್ಲ. ಒಂದು ದಿನ ಯಾರೂ ಬಾರದ ಹೊತ್ತಿನಲ್ಲಿ ಕಾಳಾಚಾರಿ ತಾನೇ ಆ ಮಂಚದ ಮೇಲೆ ಕೂತು, ಪೆಡಲಿನ ಮೇಲೆ ಕಾಲಿಟ್ಟು ಒತ್ತುತ್ತಿದ್ದನಂತೆ. ಒತ್ತಿ ಒತ್ತಿ ಅದು ಕಲ್ಲಾಗಿತ್ತು. ಆದರೂ ಒತ್ತುತ್ತಿದ್ದ. ಮಗಳು ಒಳಗಿಂದ ಬಂದಳು. ಪಕ್ಕದಲ್ಲಿ ಕೂತಳು. ಕೈ ಚಾಚಿ ಕೀಲಿ ತಿರುಗಿಸಿದಳು. ಇಂಜಿನ್ ಹಚ್ಚಿಕೊಂಡಿತು, ಅವನ ಕಾಲ ಕೆಳಗಿನ ಪೆಡಲು ತಾನಾಗಿ ಮೆತ್ತಗೆ ಇಳಿಯಿತು. ಪೆಟ್ರೋಲು ಮುಗಿಯುವವರೆಗೂ ಹಾಗೇ ಕೂತಿದ್ದರು ಅಂತಾರೆ.

ಆಮೇಲೆ ಅವನು ಎಷ್ಟು ದಿನ ಬದುಕಿದ, ಹೇಗೆ ಸತ್ತ ಅನ್ನುವುದಕ್ಕೆ ಹತ್ತು ಬಗೆಯ ಮಾತುಗಳಿವೆ. ಆ ಮಂಚ ತುಕ್ಕು ಹಿಡಿದು ಹೋಯಿತು. ಮಲಗಿದವರ ಕಲ್ಲು ಅಲ್ಲೇ ಇದೆ, ಅಲ್ಲಿ ಈಗ ಯಾವ ಗಾಡಿಯೂ ಸುಮ್ಮನಾಗುವುದಿಲ್ಲ.

ಹಾರೆಕಟ್ಟೆಯಲ್ಲಿ ಯಾರಾದರೂ ಡ್ರೈವಿಂಗ್ ಕಲಿಯಲು ಹೊರಟರೆ ಮೊದಲ ದಿನ ರಸ್ತೆಗೆ ಇಳಿಸುವುದಿಲ್ಲ. ನಿಂತ ಗಾಡಿಯಲ್ಲಿ, ಇಂಜಿನ್ ಹಚ್ಚದೆ, ಬ್ರೇಕಿನ ಮೇಲೆ ಕಾಲಿಡಿಸುತ್ತಾರೆ. ಒತ್ತು ಅನ್ನುತ್ತಾರೆ. ಮೂರು ಸಲ ಇಳಿಯುತ್ತದೆ. ನಾಲ್ಕನೆಯದು ಇಳಿಯುವುದಿಲ್ಲ. ಆಗ ಕಾಲು ತೆಗೆಯಲು ಬಿಡುವುದಿಲ್ಲ, ಮೂರು ತಿರುವು ಇಳಿಯುವಷ್ಟು ಹೊತ್ತು ಆ ಕಲ್ಲನ್ನು ಒತ್ತಿಕೊಂಡೇ ಕೂರಬೇಕು. ಯಾರೂ ಮಾತಾಡುವುದಿಲ್ಲ. ಕೀಲಿಯನ್ನು ಕಲಿಯುವವನು ಮುಟ್ಟುವಂತಿಲ್ಲ. ಪಕ್ಕದ ಸೀಟಿನಲ್ಲಿ ಮನೆಯ ಹೆಣ್ಣುಮಗಳೊಬ್ಬಳು ಕೂತಿರುತ್ತಾಳೆ, ತಾಯಿಯೋ ಅಕ್ಕನೋ ಮಗಳೋ. ಅವಳು ಕೈ ಚಾಚಿ ತಿರುಗಿಸುತ್ತಾಳೆ.